ವಿದ್ಯಾರ್ಥಿಯ ವರ್ಷಕ್ಕೆ ಹತ್ತೇ ತಿಂಗಳೆ?

ಪರೀಕ್ಷೆ ಮುಗಿದ ಮರುದಿನವೇ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜು ಅಂಗಳಗಳು ಬರಿದಾಗುತ್ತವೆ. ಹುಡುಗರು ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಭರಮಸಾಗರ, ತುರುವನೂರು, ಧರ್ಮಪುರ, ಶ್ರೀರಾಂಪುರ, ಮತ್ತೋಡು, ರಾಮಗಿರಿ, ತಾಳ್ಯಗಳ ಕಡೆಯ ಬಸ್ಸು ಹತ್ತುತ್ತಾರೆ. ಇದನ್ನು ರಜೆ ಎಂದು ಕರೆಯುವುದು ವಾಡಿಕೆ. ಆದರೆ ಇದು ಯಾರ ರಜೆ? ಅನುಕೂಲಸ್ಥರ ಮಗ ಬೆಂಗಳೂರಿನ ನೆಂಟರ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ತರಗತಿಗೋ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗಿಗೋ ಸೇರುತ್ತಾನೆ. ಕೂಲಿಕಾರನ ಮಗ ಗಾರೆ ಕೆಲಸಕ್ಕೆ ಹೋಗುತ್ತಾನೆ, ಮದುವೆಯ ಛತ್ರಗಳಲ್ಲಿ ಬಡಿಸುತ್ತಾನೆ, ತೆಂಗಿನಕಾಯಿ ಸುಲಿಯುತ್ತಾನೆ, ಮಳೆ ಬಿದ್ದರೆ ಅಪ್ಪನೊಡನೆ ಮೆಕ್ಕೆಜೋಳದ ಹೊಲಕ್ಕೆ ಇಳಿಯುತ್ತಾನೆ. ಅವನ ತಂಗಿ ಹುಣಸೆ ಬಡಿದು ಬೀಜ ಬಿಡಿಸುತ್ತಾಳೆ. ಒಂದೇ ಬೆಂಚಿನಿಂದ ಎದ್ದು ಹೋದ ಇಬ್ಬರು, ಎರಡು ತಿಂಗಳ ನಂತರ ಅದೇ ಬೆಂಚಿಗೆ ಮರಳಿದಾಗ ಸಮಾನರಾಗಿ ಉಳಿದಿರುವುದಿಲ್ಲ. ತರಗತಿ ನಡೆಯುವಾಗ ಹುಟ್ಟುವ ಅಂತರಕ್ಕಿಂತ ತರಗತಿ ನಡೆಯದಿರುವಾಗ ಹುಟ್ಟುವ ಅಂತರ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಸರ್ಕಾರದ ಲೆಕ್ಕವನ್ನೇ ನೋಡಿ. 2013-14ರಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಯೋಜನೆ ಬಂದಾಗ ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಗೊತ್ತುಮಾಡಿದರು. ಎಷ್ಟು ತಿಂಗಳು? ಹತ್ತು. ಸಾರಿಗೆ ಸಂಸ್ಥೆಯವರು ಪದವಿ ಕಾಲೇಜಿನ ವಿದ್ಯಾರ್ಥಿಗೆ ಕೊಡುವ ರಿಯಾಯಿತಿ ಪಾಸು ಎಷ್ಟು ತಿಂಗಳಿಗೆ? ಹತ್ತು. ಹಾಸ್ಟೆಲಿನ ಊಟದ ಲೆಕ್ಕವೂ ಸಾಮಾನ್ಯವಾಗಿ ಅಷ್ಟೇ. ಉಳಿದೆರಡು ತಿಂಗಳು ಬಡ ವಿದ್ಯಾರ್ಥಿ ಎಲ್ಲಿದ್ದ, ಏನು ಉಂಡ, ಯಾವ ಪುಸ್ತಕ ಮುಟ್ಟಿದ ಎಂಬ ಪ್ರಶ್ನೆ ಯಾವ ಕಡತದಲ್ಲೂ ಏಳುವುದಿಲ್ಲ. ಆ ಎರಡು ತಿಂಗಳು ಅವನು ವಿದ್ಯಾರ್ಥಿಯೇ ಅಲ್ಲವೆಂದು ನಮ್ಮ ಆಡಳಿತ ತೀರ್ಮಾನಿಸಿಕೊಂಡಂತಿದೆ.

ಈ ಲೆಕ್ಕ ಬದಲಾಗಬೇಕು. ಆ ಮಾತಿಗೆ ಮುಂದೆ ಬರುತ್ತೇವೆ. ಅದು ಬದಲಾಗುವ ತನಕ ನಮ್ಮ ವಿದ್ಯಾರ್ಥಿ ಮಿತ್ರರು ಕೈಕಟ್ಟಿ ಕೂರಬೇಕಾಗಿಲ್ಲ. ಕಾಲೇಜಿನಲ್ಲಿ ಅವರಿಗೆ ಸಲ್ಲಬೇಕಾದ ನೆರವು ಅವರು ತಿಳಿದಿರುವುದಕ್ಕಿಂತ ಹೆಚ್ಚಿದೆ. ಪ್ರತಿ ಕಾಲೇಜಿನಲ್ಲಿ ಇಷ್ಟಿಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಿ ಅಧ್ಯಾಪಕರೆಂದು ಹಂಚಿರುತ್ತಾರೆ. ಉದ್ಯೋಗ ಮಾಹಿತಿ ಕೋಶ, ಪರಿಶಿಷ್ಟರ ಕೋಶ, ಮಹಿಳಾ ಕೋಶ, 2013ರ ಕಾನೂನಿನಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ, ಇವೆಲ್ಲ ಇರಬೇಕು. ಮೌಲ್ಯಮಾಪನದ ತಂಡ ಬರುತ್ತದೆಂದಾಗ ಈ ಸಮಿತಿಗಳ ಹಲಗೆಗಳಿಗೆ ಹೊಸ ಬಣ್ಣ ಬೀಳುವುದನ್ನು ಬಲ್ಲವರು ಬಲ್ಲರು. ಬಣ್ಣ ಬಳಿದ ಹಲಗೆಗೆ ಜೀವ ಬರುವುದು ವಿದ್ಯಾರ್ಥಿ ಹೋಗಿ ಬಾಗಿಲು ತಟ್ಟಿದಾಗ. ಹಳ್ಳಿಯ ಹುಡುಗನಿಗೆ ಬಾಗಿಲು ತಟ್ಟುವುದೇ ಕಷ್ಟ. ಕೇಳುವುದನ್ನು ಅವನು ಬೇಡುವುದೆಂದು ತಿಳಿದಿದ್ದಾನೆ. ಅಧ್ಯಾಪಕರ ಸಂಬಳ, ಗ್ರಂಥಾಲಯದ ಪುಸ್ತಕ, ಹಾಸ್ಟೆಲಿನ ಅಕ್ಕಿ, ಇವೆಲ್ಲಕ್ಕೂ ಅವನ ತಂದೆ ಬೆಂಕಿಪೆಟ್ಟಿಗೆ ಕೊಂಡಾಗಲೂ ತೆರಿಗೆ ತೆತ್ತಿದ್ದಾನೆ. ಇದು ಭಿಕ್ಷೆಯಲ್ಲ, ಬಾಕಿ ವಸೂಲಿ.

ಆದಕಾರಣ ಊರಿನ ಬಸ್ಸು ಹತ್ತುವ ಮೊದಲು ಒಂದು ದಿನವನ್ನು ಕಾಲೇಜಿನಲ್ಲೇ ಕಳೆಯಬೇಕೆಂದು ನಮ್ಮ ಸಲಹೆ. ಆ ಒಂದು ದಿನದಲ್ಲಿ ಮಾಡಬೇಕಾದ ಮೊದಲ ಕೆಲಸ, ತನ್ನ ಪಠ್ಯಕ್ರಮದ ಪ್ರತಿಯನ್ನು ಕೈಗೆ ತೆಗೆದುಕೊಳ್ಳುವುದು. ಇದು ಸಣ್ಣ ಮಾತೆಂದು ಯಾರೂ ಎಣಿಸಬಾರದು. ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ 2021-22ರಲ್ಲಿ ನಮ್ಮ ಪದವಿ ತರಗತಿಗಳ ಪಾಠಗಳೆಲ್ಲ ಬದಲಾದವು. ನಾಲ್ಕನೆಯ ವರ್ಷವೊಂದು ಹುಟ್ಟಿಕೊಂಡಿತು. ಪ್ರೊಫೆಸರ್ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಾಠಗಳು ಮತ್ತೊಮ್ಮೆ ಬದಲಾದವು. ಮರಳಿದ್ದು ಸರಿಯೇ, ನಾಲ್ಕನೆಯ ವರ್ಷದ ಖರ್ಚು ಬಡವರ ಮೇಲೆ ಬೀಳುವುದನ್ನು ನಾವೂ ಒಪ್ಪುವವರಲ್ಲ. ಆದರೆ ಎರಡು ಬಾರಿ ದಾರಿ ತಿರುಗಿಸಿದ್ದರ ಪೆಟ್ಟು ತಿಂದವರು ಯಾರು? ನಮ್ಮ ಹಳ್ಳಿಗಳಲ್ಲಿ ಅಣ್ಣ ಓದಿದ ಪುಸ್ತಕ ತಮ್ಮನಿಗೆ, ಪಕ್ಕದ ಮನೆಯ ಅಕ್ಕನ ನೋಟ್ಸು ತಂಗಿಗೆ ಎಂಬುದೊಂದು ವ್ಯವಸ್ಥೆ ಇತ್ತು. ಅದು ಬಡವರ ಖಾಸಾ ಗ್ರಂಥಾಲಯ. 2023ರಲ್ಲಿ ಸೇರಿದ ಅಣ್ಣನ ಪುಸ್ತಕ 2024ರಲ್ಲಿ ಸೇರಿದ ತಮ್ಮನಿಗೆ ಹೊಂದುವುದಿಲ್ಲವೆಂದಾದಾಗ ಆ ಗ್ರಂಥಾಲಯ ಒಂದೇ ಏಟಿಗೆ ರದ್ದಿಯಾಯಿತು. ಹಳೆಯ ಪಠ್ಯಕ್ರಮದಲ್ಲಿ ಒಂದೆರಡು ಪತ್ರಿಕೆ ಉಳಿಸಿಕೊಂಡವನ ಪಾಡು ಇನ್ನೂ ಕಷ್ಟ. ಅವನಿಗೆ ಪಾಠ ಹೇಳುವ ತರಗತಿಯೇ ಈಗ ಇಲ್ಲ. ತಾನು ಬರೆಯಬೇಕಾದ ಪತ್ರಿಕೆ ಯಾವ ವರ್ಷದ್ದು, ಅದರ ಘಟಕಗಳೇನು, ಪರೀಕ್ಷೆಗೆ ಅರ್ಜಿ ಹಾಕುವ ಗಡುವು ಎಂದು, ಇದನ್ನು ಕಚೇರಿಯಲ್ಲಿ ಕೇಳಿ ಬರೆದುಕೊಳ್ಳದೆ ಊರಿಗೆ ಹೋದವನು ಗಾಳಿಗೆ ಗುದ್ದುತ್ತಾನೆ. ರಜೆಯಲ್ಲಿ ಅರ್ಜಿಯ ಗಡುವು ಮೀರಿತೆಂದು ಒಂದಿಡೀ ವರ್ಷ ಕಳೆದುಕೊಳ್ಳುವ ಹುಡುಗರಿದ್ದಾರೆ. ದಡ್ಡತನದಿಂದಲ್ಲ, ಸೂಚನಾ ಫಲಕ ಐವತ್ತು ಕಿಲೋಮೀಟರ್ ದೂರದಲ್ಲಿದ್ದುದರಿಂದ.

ಪಠ್ಯಕ್ರಮ ಕೈಗೆ ಬಂದ ಮೇಲೆ ಮಾರ್ಗದರ್ಶಿ ಅಧ್ಯಾಪಕರನ್ನು ಕಾಣಬೇಕು. ‘ಸಾರ್, ನನ್ನದು ಎರಡು ಪೇಪರು ಉಳಿದಿದೆ, ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತೇನೆ, ಎಷ್ಟು ಓದಬಹುದು?’ ಎಂದು ನೇರವಾಗಿ ಕೇಳಿದ ಹುಡುಗನಿಗೆ ಉತ್ತರ ಕೊಡದ ಅಧ್ಯಾಪಕರು ಅಪರೂಪ. ಗುರು ಶಿಷ್ಯರ ಮಾತು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಈ ಜಿಲ್ಲೆಯವರು ಹೊರಗೆ ಉದಾಹರಣೆ ಹುಡುಕಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕುವೆಂಪು ಅವರಿಗೆ ಗುರುಗಳಾಗಿದ್ದವರು. ಶಿಷ್ಯ ತನ್ನ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಮಲೆನಾಡಿನ ಮೂಲೆಯಿಂದ ಬಂದ ಹುಡುಗನೊಬ್ಬನ ಮಾತಿಗೆ ಬಯಲುಸೀಮೆಯ ಮೇಷ್ಟರು ಕಿವಿಗೊಟ್ಟಿದ್ದರ ಫಲವನ್ನು ಕನ್ನಡ ಇಂದಿಗೂ ಉಣ್ಣುತ್ತಿದೆ.

ಆದರೆ ಕಿವಿಗೊಡಬೇಕಾದ ಮೇಷ್ಟರ ಸ್ಥಿತಿಯನ್ನೂ ಹೇಳಬೇಕು. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಎಂಥ ಅತಿಥಿಗಳು! ಹತ್ತು ಹದಿನೈದು ವರ್ಷ ದುಡಿದ ಮೇಲೂ ಮನೆಯವರಾಗದ ಅತಿಥಿಗಳು. 2023ರ ನವೆಂಬರಿನಿಂದ ಇವರು ತರಗತಿ ಬಹಿಷ್ಕರಿಸಿ ಸೇವಾಭದ್ರತೆ ಬೇಕೆಂದು ಧರಣಿ ಕುಳಿತರು. 2024ರ ಆರಂಭದಲ್ಲಿ ಗೌರವಧನವೇನೋ ಏರಿತು. ಕೇಳಿದ ಭದ್ರತೆ ಬರಲಿಲ್ಲ. ಪಾಠದ ಅವಧಿ ಮುಗಿದೊಡನೆ ಇವರ ಕೆಲಸವೂ ಮುಗಿಯುತ್ತದೆ. ಮುಂದಿನ ಅವಧಿಗೆ ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ರಜೆಯಲ್ಲಿ ಶಿಷ್ಯನಂತೆ ಗುರುವೂ ಕೂಲಿ ಹುಡುಕುವ ಪರಿಸ್ಥಿತಿ ಇರುವಾಗ, ಮಾರ್ಗದರ್ಶನ ಯಾರು ಮಾಡಬೇಕು? ವಿದ್ಯಾರ್ಥಿಗಳು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಅತಿಥಿ ಉಪನ್ಯಾಸಕರ ಹನ್ನೆರಡು ತಿಂಗಳ ವೇತನವನ್ನೂ ಸೇರಿಸಬೇಕೆಂದು ನಾವು ಹೇಳುವುದು ಪರೋಪಕಾರದ ದೃಷ್ಟಿಯಿಂದಲ್ಲ. ಅದು ವಿದ್ಯಾರ್ಥಿಯ ಸ್ವಂತ ಹಿತ.

ಇನ್ನು ಓದಿನ ಯೋಜನೆ. ಪೇಟೆಯ ಪತ್ರಿಕೆಗಳಲ್ಲಿ ಬರುವ ವೇಳಾಪಟ್ಟಿಗಳನ್ನು ನಾವೂ ನೋಡಿದ್ದೇವೆ. ಬೆಳಿಗ್ಗೆ ಐದಕ್ಕೆ ಏಳು, ಎಂಟು ಗಂಟೆ ಓದು, ಸಂಜೆ ವ್ಯಾಯಾಮ ಮಾಡು, ಹಣ್ಣು ತಿನ್ನು. ದಿನವಿಡೀ ಕಲ್ಲು ಮಣ್ಣು ಹೊತ್ತವನಿಗೆ ವ್ಯಾಯಾಮ ಹೇಳಿಕೊಡುವವರಿಗೆ ನಮ್ಮ ನಮಸ್ಕಾರ. ನಾವು ಬೇರೆ ಲೆಕ್ಕ ಹೇಳುತ್ತೇವೆ. ಒಂದು ಪತ್ರಿಕೆಗೆ ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವಾರ ಪಾಠ ನಡೆದರೆ ಒಟ್ಟು 60 ಗಂಟೆ. ಕೂಲಿಗೆ ಹೋಗುವ ಮುನ್ನ ದಿನಕ್ಕೆ ಒಂದೂವರೆ ಗಂಟೆಯಂತೆ ಐವತ್ತು ದಿನ ಕುಳಿತರೆ 75 ಗಂಟೆ. ಅಂದರೆ ಹೊಲ, ಗಾರೆ, ಛತ್ರಗಳ ನಡುವೆಯೂ ಒಂದು ಪತ್ರಿಕೆಯನ್ನು ಬುಡದಿಂದ ಓದಿ ಮುಗಿಸಬಹುದು. ಒಂದೇ ಒಂದು ಪತ್ರಿಕೆ. ಐದೂ ವಿಷಯಗಳ ಪುಸ್ತಕ ಹೊತ್ತುಕೊಂಡು ಹೋಗಿ ಐದನ್ನೂ ತೆರೆಯದೆ ಮರಳಿ ತರುವುದಕ್ಕಿಂತ ಇದು ಲೇಸು. ಉಳಿದ ಪತ್ರಿಕೆ ಇದ್ದವರು ಅದನ್ನು ಹಿಡಿಯಲಿ. ಇಲ್ಲದವರು ಮುಂದಿನ ಸೆಮಿಸ್ಟರಿನಲ್ಲಿ ಯಾವುದು ಕಠಿಣವೆಂದು ಅಧ್ಯಾಪಕರು ಹೇಳುತ್ತಾರೋ ಅದರ ಮೊದಲೆರಡು ಘಟಕಗಳನ್ನು ಓದಲಿ. ಒಂದು ಊರಿನಲ್ಲಿ ಮೂವರು ಕಾಲೇಜು ಓದುವವರಿದ್ದರೆ ವಾರಕ್ಕೆ ಒಂದು ಸಂಜೆ ಶಾಲೆಯ ಜಗುಲಿಯಲ್ಲಿ ಸೇರಿ, ಓದಿದ್ದನ್ನು ಒಬ್ಬರಿಗೊಬ್ಬರು ಹೇಳಲಿ. ಹೇಳಲು ಬಾರದಿದ್ದರೆ ಓದಿದ್ದು ತಲೆಗೆ ಹೋಗಿಲ್ಲವೆಂದೇ ಲೆಕ್ಕ.

ಫೋನಿನಲ್ಲಿ ಎಲ್ಲ ಪಾಠಗಳೂ ಸಿಗುತ್ತವಲ್ಲ ಎನ್ನುವವರುಂಟು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ವಯಂ ಎಂಬ ಅಂತರ್ಜಾಲ ಪಾಠಶಾಲೆ ಇದೆ. ಪಾಠ ಕೇಳಲು ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಒಳ್ಳೆಯದೇ. ಆದರೆ ಅಲ್ಲಿನ ಬಹುಪಾಲು ಪಾಠ ಇಂಗ್ಲಿಷಿನಲ್ಲಿದೆ. ಹತ್ತನೆಯ ತರಗತಿಯ ತನಕ ಕನ್ನಡದಲ್ಲಿ ಓದಿ ಬಂದ ನಮ್ಮ ಮಕ್ಕಳು ವಾಣಿಜ್ಯ, ವಿಜ್ಞಾನಗಳಲ್ಲಿ ಎಡವುವುದು ಬುದ್ಧಿಯ ಬಡತನದಿಂದಲ್ಲ. ಚಿತ್ರದುರ್ಗವು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ ಅದರ ಪ್ರಸಾರಾಂಗವು ವಿದ್ವಾಂಸರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಿ, ಅವನ್ನು ಸುಲಭ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚುಹಾಕುತ್ತಿತ್ತು. 1987ರಲ್ಲಿ ನಾವು ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದೆವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ. ವಿಶ್ವವಿದ್ಯಾನಿಲಯ ಹತ್ತಿರ ಹತ್ತಿರ ಬರುತ್ತಾ ಹೋಯಿತು. ಕನ್ನಡದ ಹೊತ್ತಗೆಯೂ ಅದರೊಡನೆ ಹತ್ತಿರ ಬರಬೇಕಲ್ಲವೆ? ರಜೆಯಲ್ಲಿ ತಾಲ್ಲೂಕಿಗೆ ನಾಲ್ಕು ಉಪನ್ಯಾಸ ಏರ್ಪಡಿಸಲು ಕೋಟಿಗಳ ಅನುದಾನ ಬೇಕಾಗಿಲ್ಲ.

ಗ್ರಂಥಾಲಯದ ವಿಷಯ. ಪರೀಕ್ಷೆಗೆ ಮುನ್ನ ಪುಸ್ತಕಗಳನ್ನೆಲ್ಲ ಹಿಂದಿರುಗಿಸಿ, ಬಾಕಿ ಇಲ್ಲವೆಂಬ ಚೀಟಿ ಪಡೆಯಬೇಕೆಂಬುದು ಬಹಳ ಕಡೆಯ ರೂಢಿ. ಹೀಗಾಗಿ ವಿದ್ಯಾರ್ಥಿಗೆ ಬಿಡುವಿರುವ ಕಾಲದಲ್ಲಿ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ರಜೆ ಅನುಭವಿಸುತ್ತವೆ! ಪರೀಕ್ಷೆ ಮುಗಿದ ದಿನವೇ ಎರಡು ಪುಸ್ತಕಗಳನ್ನು ರಜೆಯ ಎರವಲೆಂದು ಕೊಟ್ಟು, ಮರಳಿ ತೆರೆದ ದಿನ ಪಡೆದುಕೊಂಡರೆ ಕಾಲೇಜಿಗೆ ಏನು ನಷ್ಟ? ಒಂದೆರಡು ಕಳೆಯಬಹುದು. ಗೆದ್ದಲು ತಿಂದ ಪುಸ್ತಕಗಳ ಲೆಕ್ಕ ತೆಗೆದರೆ ಅದು ಹೆಚ್ಚಾದೀತು. ಕಾಲೇಜಿನದು ಮುಚ್ಚಿದ್ದರೂ ಸಾರ್ವಜನಿಕ ಗ್ರಂಥಾಲಯಗಳಿವೆ. 1965ರ ಕಾನೂನಿನಂತೆ ಮನೆಕಂದಾಯದ ಜೊತೆಯಲ್ಲೇ ನಾವು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಚಿತ್ರದುರ್ಗದ ಜಿಲ್ಲಾ ಗ್ರಂಥಾಲಯವಾಗಲಿ, ಈಗ ಅರಿವು ಕೇಂದ್ರವೆಂದು ಹೆಸರು ಪಡೆದಿರುವ ಪಂಚಾಯಿತಿ ಗ್ರಂಥಾಲಯವಾಗಲಿ, ನಮ್ಮ ಹಣದ್ದು. ಪದವಿ ತರಗತಿಯ ಪುಸ್ತಕ ಅಲ್ಲಿ ಇಲ್ಲವಾದರೆ ಬೇಕೆಂದು ಬರೆದುಕೊಡಿ. ಹತ್ತು ಮಂದಿ ಸಹಿ ಹಾಕಿದ ಪಟ್ಟಿಗೆ ಒಬ್ಬನ ಗೊಣಗಾಟಕ್ಕಿಂತ ಬೆಲೆ ಹೆಚ್ಚು.

ಪುಸ್ತಕವಿಲ್ಲದೆಯೂ ಓದಬಹುದಾದ ವಿಷಯಗಳು ನಮ್ಮ ನೆಲದಲ್ಲಿ ಯಥೇಚ್ಛವಾಗಿವೆ. ಚರಿತ್ರೆಯ ವಿದ್ಯಾರ್ಥಿ ಮಯೂರಶರ್ಮನ ಶಾಸನವನ್ನು ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತಾನೆ. ಆ ಶಾಸನ ಚಂದ್ರವಳ್ಳಿಯಲ್ಲಿ ಅವನ ಕಾಲ ಬುಡದಲ್ಲೇ ಇದೆ. ಅಲ್ಲಿ 1947ರಲ್ಲಿ ವೀಲರ್ ಸಾಹೇಬರು ನೆಲ ಅಗೆದರು. ಭೂಗರ್ಭಶಾಸ್ತ್ರ ಓದುವವರಿಗೆ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳಿವೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅರ್ಥಶಾಸ್ತ್ರದವರಿಗೆ ವಾಣಿವಿಲಾಸ ಸಾಗರವೇ ಸಾಕು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಅದು ತುಂಬಿ ಕೋಡಿ ಬಿತ್ತು, 2025ರಲ್ಲಿ ಮತ್ತೊಮ್ಮೆ ಬಿತ್ತು. ನೀರು ಬಂದ ಮೇಲೆ ಅಚ್ಚುಕಟ್ಟಿನಲ್ಲಿ ಯಾವ ಬೆಳೆ ಏರಿತು, ಕೂಲಿ ಏರಿತೆ ಇಲ್ಲವೆ, ಕೊನೆಯ ತೂಬಿನವರಿಗೆ ನೀರು ಮುಟ್ಟಿತೆ, ಇದನ್ನು ಇಪ್ಪತ್ತು ಮನೆ ಸುತ್ತಿ ಬರೆದಿಟ್ಟುಕೊಂಡ ಹಿರಿಯೂರಿನ ಹುಡುಗಿ ತನ್ನ ಮೇಷ್ಟರಿಗೇ ಪಾಠ ಹೇಳಬಲ್ಲಳು.

ಹುಡುಗಿಯರ ಮಾತು ಬಂದದ್ದರಿಂದ ನೇರವಾಗಿ ಹೇಳುತ್ತೇವೆ. ಬೇಸಿಗೆ ಲಗ್ನಗಳ ಕಾಲ. ಎರಡನೆಯ ವರ್ಷದ ಪರೀಕ್ಷೆ ಬರೆದು ಊರಿಗೆ ಹೋದ ಹುಡುಗಿ ಮೂರನೆಯ ವರ್ಷದ ಹಾಜರಿಯಲ್ಲಿ ಕಾಣದಿದ್ದರೆ, ‘ಮದುವೆಯಾಯಿತಂತೆ’ ಎಂಬ ಒಂದು ಮಾತಿನಲ್ಲಿ ಅವಳ ಕಥೆ ಮುಗಿಯುತ್ತದೆ. ಹತ್ತೊಂಬತ್ತು ತುಂಬಿದವಳ ಮದುವೆಯನ್ನು ಕಾನೂನು ತಡೆಯಲಾರದು. ತಡೆಯಬಲ್ಲದ್ದು ಮನೆಯವರ ಲೆಕ್ಕವನ್ನು ಬದಲಿಸುವ ಮಾತು. ಇನ್ನು ಒಂದೇ ವರ್ಷ ಉಳಿದಿದೆ, ಶುಲ್ಕ ಇಷ್ಟು, ವಿದ್ಯಾರ್ಥಿವೇತನ ಇಷ್ಟು ಬರುತ್ತದೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಎಂದು ಅಧ್ಯಾಪಕಿಯೊಬ್ಬರು ತಂದೆತಾಯಿಗೆ ಫೋನು ಮಾಡಿ ಹತ್ತು ನಿಮಿಷ ವಿವರಿಸಿದರೆ ಎಷ್ಟೋ ಮನೆಗಳಲ್ಲಿ ಮಾತು ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಮಹಿಳಾ ಕೋಶಗಳು ರಜೆಗೆ ಮುನ್ನ ಎರಡನೆಯ ವರ್ಷದ ಹುಡುಗಿಯರೊಡನೆ ಗುಟ್ಟಾಗಿ ಕುಳಿತು ಮಾತನಾಡಿದರೆ, ಯಾರ ಮನೆಗೆ ಫೋನು ಮಾಡಬೇಕೆಂಬುದು ಅವರಿಗೇ ತಿಳಿಯುತ್ತದೆ. ಆ ಬಿಟ್ಟಿ ಬಸ್ಸಿನಿಂದ ಇನ್ನೊಂದು ಪ್ರಯೋಜನವುಂಟು. ಅಣ್ಣನ ಪಾಸು ರಜೆಯಲ್ಲಿ ಸತ್ತಿರುತ್ತದೆ. ತಂಗಿ ಮಾತ್ರ ವಾರಕ್ಕೊಮ್ಮೆ ಪೇಟೆಯ ಗ್ರಂಥಾಲಯಕ್ಕೆ ಹೋಗಿ ಇಬ್ಬರ ಪುಸ್ತಕವನ್ನೂ ತರಬಲ್ಲಳು.

ಕಾಗದಪತ್ರಗಳ ಕೆಲಸವನ್ನು ರಜೆಯಲ್ಲೇ ಮುಗಿಸಿಕೊಳ್ಳುವುದು ಜಾಣತನ. ವಿದ್ಯಾರ್ಥಿವೇತನದ ಅರ್ಜಿ ತೆರೆದಾಗ ಸೈಬರ್ ಅಂಗಡಿಯ ಮುಂದೆ ಸಾಲು ನಿಂತು, ಜಾತಿ ಆದಾಯ ಪತ್ರದ ಅವಧಿ ಮುಗಿದಿದೆಯೆಂದು ಆಗ ತಿಳಿದು, ನಾಡಕಚೇರಿಗೆ ಓಡುವುದು ವರ್ಷ ವರ್ಷದ ಗೋಳು. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಹಣ ಮಂಜೂರಾದರೂ ಖಾತೆಗೆ ಬೀಳುವುದಿಲ್ಲ. ಇವನ್ನೆಲ್ಲ ಸಾಲಿಲ್ಲದ ದಿನಗಳಲ್ಲಿ ಸರಿಪಡಿಸಿಕೊಳ್ಳಬೇಕು. ಪದವಿ ಮುಗಿಸಿದವರಿಗೂ ಒಂದು ಮಾತು. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯಲ್ಲಿ ಉತ್ತೀರ್ಣರಾಗಿ 180 ದಿನ ಕಳೆದರೂ ಕೆಲಸ ಸಿಗದ, ಮುಂದೆ ಓದದಿರುವ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುವುದಾಗಿ ಗೊತ್ತುಮಾಡಿದ್ದಾರೆ. ಅದನ್ನು ಪಡೆಯುವುದು ಹಕ್ಕು. ಆದರೆ ಅದಕ್ಕಾಗಿ ಮುಂದಿನ ಓದು ಬಿಡುವುದು ನಷ್ಟದ ವ್ಯಾಪಾರ. ಚಿತ್ರದುರ್ಗದ ಹೊರವಲಯದ ಜಿ. ಆರ್. ಹಳ್ಳಿಯಲ್ಲೇ ಸ್ನಾತಕೋತ್ತರ ಕೇಂದ್ರವಿದೆ. ಒಂದು ಬೆಳಿಗ್ಗೆ ಹೋಗಿ ಯಾವ ವಿಷಯಗಳಿವೆ, ಹಾಸ್ಟೆಲ್ ಸಿಗುವುದೆ ಎಂದು ವಿಚಾರಿಸಿ ಬರಬಹುದು.

ಫಲಿತಾಂಶ ರಜೆಯಲ್ಲೇ ಬರುವುದುಂಟು. ಗೆಳೆಯರಿಲ್ಲದ, ಮೇಷ್ಟರಿಲ್ಲದ ಹೊತ್ತಿನಲ್ಲಿ, ಹೊಲದ ಬದುವಿನ ಮೇಲೆ ನಿಂತು ಫೋನಿನಲ್ಲಿ ನಪಾಸಾದ ಸುದ್ದಿ ನೋಡುವ ಹುಡುಗನ ಮನಸ್ಸು ಏನಾಗಬೇಡ? ಮನೆಯಲ್ಲಿ ಬೈಗುಳ, ಊರಿನಲ್ಲಿ ಚುಡಾವಣೆ. ಪದವಿಯಲ್ಲಿ ಒಂದು ಪತ್ರಿಕೆ ಹೋದರೆ ಮತ್ತೆ ಬರೆಯಬಹುದು, ಪಿ.ಯು.ಸಿ.ಯಲ್ಲಿ ಕೂಡ 2024ರಿಂದ ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಬಂದಿದೆ. ತಂದೆತಾಯಂದಿರು ಇದನ್ನು ಅರಿತಿರಬೇಕು. ಮನಸ್ಸು ತೀರಾ ಕುಗ್ಗಿದಾಗ ಕನ್ನಡದಲ್ಲೇ ಮಾತನಾಡಲು 14416 ಎಂಬ ಉಚಿತ ದೂರವಾಣಿ ಇದೆ. ಟೆಲಿ ಮಾನಸ್ ಎಂಬ ಈ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾದುದು. ಈ ಐದು ಅಂಕಿಗಳನ್ನು ಪ್ರತಿ ವಿದ್ಯಾರ್ಥಿಯೂ ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ. ತನಗಲ್ಲದಿದ್ದರೆ ಗೆಳೆಯನಿಗೆ ಬೇಕಾದೀತು.

ಇನ್ನು ಸಂಬಂಧಪಟ್ಟವರಿಗೆ ನಮ್ಮ ಮಾತು. ವಿದ್ಯಾಸಿರಿ, ಬಸ್ ಪಾಸು, ಹಾಸ್ಟೆಲಿನ ಊಟಗಳನ್ನು ಹನ್ನೆರಡು ತಿಂಗಳಿಗೆ ವಿಸ್ತರಿಸಬೇಕೆಂಬುದು ವಿಧಾನಸಭೆಯಲ್ಲಿ ತೀರ್ಮಾನವಾಗಬೇಕಾದ ವಿಷಯ. ನಮ್ಮ ನಾಲ್ಕು ತಾಲ್ಲೂಕುಗಳನ್ನು ಪ್ರತಿನಿಧಿಸುವ ಶಾಸಕರು ಅಲ್ಲಿ ಇದನ್ನು ಎತ್ತಬೇಕು, ಎತ್ತದಿದ್ದರೆ ಊರಿಗೆ ಬಂದಾಗ ವಿದ್ಯಾರ್ಥಿಗಳು ಕೇಳಬೇಕು. ಅಷ್ಟು ದೂರ ಹೋಗದೆಯೂ ಆಗುವ ಕೆಲಸಗಳಿವೆ. ತಂದೆತಾಯಿ ದುಡಿಮೆಗೆಂದು ವಲಸೆ ಹೋಗಿ ಮನೆಗೆ ಬೀಗ ಬಿದ್ದಿರುವ ವಿದ್ಯಾರ್ಥಿಗಳಿಗಾಗಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದಾದರೂ ಹಾಸ್ಟೆಲನ್ನು ರಜೆಯಲ್ಲಿ ತೆರೆದಿಡಲು ಜಿಲ್ಲಾಡಳಿತ ಮನಸ್ಸು ಮಾಡಬೇಕು. ಕಾಲೇಜುಗಳ ಪ್ರಾಂಶುಪಾಲರು ಕೊನೆಯ ಪರೀಕ್ಷೆಗೆ ಒಂದು ವಾರ ಮೊದಲೇ ಸೂಚನಾ ಫಲಕದ ಮೇಲೆ ಒಂದು ಹಾಳೆ ಅಂಟಿಸಲಿ: ರಜೆಯಲ್ಲಿ ಗ್ರಂಥಾಲಯ ತೆರೆದಿರುವ ದಿನಗಳು, ಕಚೇರಿಯಲ್ಲಿ ಸಿಗುವ ಗುಮಾಸ್ತರ ವೇಳೆ, ಪರೀಕ್ಷಾ ಅರ್ಜಿಯ ಗಡುವು, ವಿದ್ಯಾರ್ಥಿವೇತನ ನೋಡಿಕೊಳ್ಳುವ ಅಧ್ಯಾಪಕರ ಹೆಸರು, ಕಾಲೇಜಿನ ದೂರವಾಣಿ ಸಂಖ್ಯೆ. ವಿದ್ಯಾರ್ಥಿಗಳು ಅದನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಊರಿಗೆ ಹೋಗಲಿ. ಹಾಳೆ ಅಂಟದಿದ್ದ ಕಡೆ ಪ್ರಾಂಶುಪಾಲರ ಕೊಠಡಿಗೆ ಹತ್ತು ಮಂದಿ ಒಟ್ಟಾಗಿ ಹೋಗಿ, ಕೈಮುಗಿದು, ಯಾವಾಗ ಅಂಟಿಸುವಿರಿ ಸಾರ್ ಎಂದು ಕೇಳಲಿ.